ಫಾರ್ಮುಲಾ ಹೊಡೆದರೆ ಉತ್ತರ ಬರುತ್ತಿಲ್ಲ, ಫಾರ್ಮುಲಾನೇ ಕಾಣುತ್ತಿದೆ

ಅಕ್ಟೋಬರ್ ಬಂತೆಂದರೆ ದಾವಣಗೆರೆ ಮಾರುಕಟ್ಟೆಗೆ ಹೊಸ ಮೆಕ್ಕೆಜೋಳ ಬರತೊಡಗುತ್ತದೆ. ಅಲ್ಲಿಂದ ಮುಂದೆ ಎರಡು ಮೂರು ತಿಂಗಳು ಮಂಡಿಗಳ ಕಂಪ್ಯೂಟರಿನಲ್ಲಿ ಎಕ್ಸೆಲ್ ಮುಚ್ಚುವ ಮಾತೇ ಇಲ್ಲ. ಲಾಟು, ಚೀಲ, ತೂಕ, ದರ, ತೇವಾಂಶ, ಹಮಾಲಿ ಎಲ್ಲ ತುಂಬಿ, ಸಂಜೆ ಪಟ್ಟಿ ಮುಗಿಸೋಣ ಎಂದು ಕೊನೆಯ ಕಾಲಮ್ಮಿನಲ್ಲಿ ಫಾರ್ಮುಲಾ ಹೊಡೆದರೆ 1,34,160 ಬರಬೇಕಾದ ಜಾಗದಲ್ಲಿ =ಡಿ2*ಇ2/100 ಎಂದು ಹೊಡೆದದ್ದು ಹೊಡೆದಂತೆಯೇ ಕೂತಿರುತ್ತದೆ. ಅಳಿಸಿ ಮತ್ತೆ ಹೊಡೆದರೂ ಅದೇ. ಎಕ್ಸೆಲ್ ಮುಚ್ಚಿ ತೆಗೆದರೂ ಅದೇ. ಕೊನೆಗೆ ಕ್ಯಾಲ್ಕುಲೇಟರ್ ಕೈಗೆ ಬರುತ್ತದೆ, ನಲವತ್ತು ಸಾಲಿನ ಲೆಕ್ಕ ಕೈಯಲ್ಲೇ ನಡೆಯುತ್ತದೆ.

ಮೊದಲೇ ಒಂದು ಮಾತು. ಈ ಬರಹದಲ್ಲಿ ಫಾರ್ಮುಲಾಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದೆ. ಎಕ್ಸೆಲ್‌ನಲ್ಲಿ ಹೊಡೆಯುವಾಗ ಸಮ್, ಇಫ್, ಟ್ರಿಮ್ ಎಂಬ ಹೆಸರುಗಳೂ ಕಾಲಮ್ಮಿನ ಅಕ್ಷರಗಳೂ ಇಂಗ್ಲಿಷಿನಲ್ಲೇ ಇರಬೇಕು. ಯಾಕೆಂಬುದು ನುಡಿಯ, ಅಂದರೆ ಕನ್ನಡ ಹೊಡೆಯುವ ತಂತ್ರಾಂಶದ, ವಿಷಯ ಬಂದಾಗ ತಿಳಿಯುತ್ತದೆ.

ಉದಾಹರಣೆಗೆ ಒಂದು ಶೀಟ್ ಇಟ್ಟುಕೊಳ್ಳೋಣ. ಎ ಕಾಲಮ್ಮಿನಲ್ಲಿ ಲಾಟ್ ನಂಬರ್, ಬಿ ರೈತರ ಹೆಸರು, ಸಿ ಚೀಲ, ಡಿ ತೂಕ ಕೆಜಿ ಲೆಕ್ಕದಲ್ಲಿ, ಇ ಕ್ವಿಂಟಾಲ್ ದರ, ಎಫ್ ತೇವಾಂಶ, ಜಿ ಬ್ಯಾಂಕ್ ಖಾತೆ ನಂಬರ್. ಮೊತ್ತಕ್ಕೆ ಎಚ್. ತೂಕ 6240 ಕೆಜಿ, ದರ 2150 ಎಂದರೆ ಎಚ್2ರಲ್ಲಿ 1,34,160 ಬರಬೇಕು.

ತೀರ್ಮಾನ ಆಗುವುದು ಎಂಟರ್ ಒತ್ತಿದಾಗ

ಈ ತೊಂದರೆಗೆ ಹತ್ತಾರು ಪರಿಹಾರ ಹೇಳುವವರಿದ್ದಾರೆ. ಅವು ಕೆಲವೊಮ್ಮೆ ಕೆಲಸ ಮಾಡುತ್ತವೆ, ಕೆಲವೊಮ್ಮೆ ಇಲ್ಲ. ಒಳಗೆ ನಡೆಯುವುದನ್ನು ಒಮ್ಮೆ ಹಿಡಿದುಕೊಂಡರೆ ಯಾವುದು ಯಾವಾಗ ಕೆಲಸ ಮಾಡುತ್ತದೆ ಎಂದು ತಾನೇ ಗೊತ್ತಾಗುತ್ತದೆ.

ಸೆಲ್ಲಿನಲ್ಲಿ ಹೊಡೆದದ್ದು ಫಾರ್ಮುಲಾವೋ, ಸಂಖ್ಯೆಯೋ, ಬರೀ ಅಕ್ಷರವೋ ಎಂದು ಎಕ್ಸೆಲ್ ತೀರ್ಮಾನಿಸುವುದು ಎಂಟರ್ ಒತ್ತಿದ ಕ್ಷಣದಲ್ಲಿ, ಅದೂ ಒಂದೇ ಸಲ. ಆ ಹೊತ್ತಿಗೆ ಸೆಲ್ಲಿನ ಫಾರ್ಮ್ಯಾಟ್ ಟೆಕ್ಸ್ಟ್ ಆಗಿದ್ದರೆ ಸಮ ಚಿಹ್ನೆಗೆ ಬೆಲೆಯಿಲ್ಲ. ಬಂದದ್ದನ್ನೆಲ್ಲ ಅಕ್ಷರದ ಸಾಲು ಎಂದೇ ಒಳಗಿಡುತ್ತದೆ. ಆಮೇಲೆ ನೀವು ಫಾರ್ಮ್ಯಾಟನ್ನು ಜನರಲ್ ಮಾಡಿದರೆ ಬದಲಾಗುವುದು ಮೇಲಿನ ಲೇಬಲ್ ಮಾತ್ರ. ಒಳಗಿರುವುದನ್ನು ಎಕ್ಸೆಲ್ ಇನ್ನೊಮ್ಮೆ ಓದುವುದಿಲ್ಲ. ಗೋಣಿಚೀಲದ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಜೋಳ ಭತ್ತವಾಗುವುದಿಲ್ಲವಲ್ಲ, ಹಾಗೆ. "ಜನರಲ್ ಮಾಡಿದೆ, ಆದರೂ ಬರುತ್ತಿಲ್ಲ" ಎಂಬ ದೂರು ಹುಟ್ಟುವುದು ಇಲ್ಲೇ. ಹಾಗಾಗಿ ಕೆಲಸ ಯಾವತ್ತೂ ಎರಡು: ಮೊದಲು ಅಡ್ಡಿ ತೆಗೆಯುವುದು, ಆಮೇಲೆ ಎಕ್ಸೆಲ್ ಇನ್ನೊಮ್ಮೆ ಓದುವಂತೆ ಮಾಡುವುದು.

ಮೊದಲು ನೋಡಬೇಕಾದ್ದು ಎಷ್ಟು ಜಾಗದಲ್ಲಿ ಕೆಟ್ಟಿದೆ ಎಂದು

ಶೀಟಿನ ಎಲ್ಲ ಫಾರ್ಮುಲಾಗಳೂ ಒಮ್ಮೆಲೇ ಬಯಲಾಗಿ, ಕಾಲಮ್ಮುಗಳು ಇದ್ದಕ್ಕಿದ್ದಂತೆ ಅಗಲವಾಗಿದ್ದರೆ ಗಾಬರಿ ಬೇಡ. ಏನೂ ಕೆಟ್ಟಿಲ್ಲ. ಕೀಬೋರ್ಡಿನಲ್ಲಿ ಎಸ್ಕೇಪ್ ಕೆಳಗೆ, 1ರ ಎಡಕ್ಕೆ ಒಂದು ಕೀ ಇದೆ. ಕಂಟ್ರೋಲ್ ಹಿಡಿದು ಅದನ್ನು ಒತ್ತಿದರೆ ಶೋ ಫಾರ್ಮುಲಾಸ್ ಚಾಲೂ ಆಗುತ್ತದೆ, ಇನ್ನೊಮ್ಮೆ ಒತ್ತಿದರೆ ಹೋಗುತ್ತದೆ. ಫಾರ್ಮುಲಾಸ್ ಟ್ಯಾಬಿನಲ್ಲಿ ಅದೇ ಹೆಸರಿನ ಬಟನ್ ಕೂಡ ಇದೆ. ಇದು ಶೀಟಿಗೆ ಸೀಮಿತವಾದ ಸೆಟ್ಟಿಂಗ್, ಪಕ್ಕದ ಶೀಟ್ ಸರಿಯಾಗಿಯೇ ಇರುತ್ತದೆ. ಈ ಸ್ಥಿತಿಯಲ್ಲಿ ಪ್ರಿಂಟ್ ಕೊಟ್ಟರೆ ಕಾಗದದ ಮೇಲೂ ಫಾರ್ಮುಲಾಗಳೇ ಬರುತ್ತವೆ.

ಕೈ ತಪ್ಪುವುದಕ್ಕೆ ಕಾರಣವೂ ಇದೆ. ಅದೇ ಕೀಯನ್ನು ಕಂಟ್ರೋಲ್ ಜೊತೆ ಶಿಫ್ಟ್ ಕೂಡ ಹಿಡಿದು ಒತ್ತಿದರೆ ಸೆಲ್ಲಿಗೆ ಜನರಲ್ ಫಾರ್ಮ್ಯಾಟ್ ಬರುತ್ತದೆ. ಟೆಕ್ಸ್ಟ್ ಕಾಲಮ್ಮನ್ನು ಸರಿಮಾಡಲು ಹೋದವರ ಬೆರಳಿಗೆ ಶಿಫ್ಟ್ ಸಿಗದಿದ್ದರೆ ಒಂದರ ಬದಲು ಎರಡು ತೊಂದರೆಯಾಗುತ್ತವೆ.

ಒಂದು ಕಾಲಮ್ಮು ಮಾತ್ರ ಕೆಟ್ಟಿದ್ದರೆ ಬಹುಪಾಲು ಟೆಕ್ಸ್ಟ್ ಫಾರ್ಮ್ಯಾಟ್. ಅಲ್ಲೊಂದು ಇಲ್ಲೊಂದು ಸೆಲ್ ಕೆಟ್ಟಿದ್ದರೆ ಆ ಸೆಲ್ಲಿಗೆ ಹೋಗಿ ಮೇಲಿನ ಫಾರ್ಮುಲಾ ಬಾರ್ ನೋಡಿ. ಸಮ ಚಿಹ್ನೆಯ ಮುಂದೆ ಏನಾದರೂ ಕೂತಿದೆಯಾ? ಸಮ ಚಿಹ್ನೆಯೇ ಬಿಟ್ಟುಹೋಗಿದೆಯಾ? ಇಡೀ ಫಾರ್ಮುಲಾದ ಸುತ್ತ ಉದ್ಧರಣ ಚಿಹ್ನೆ ಇದೆಯಾ? ಕೊನೆಯ ಎರಡಕ್ಕೆ ವಿವರಣೆ ಬೇಕಿಲ್ಲ, ತಿದ್ದಿ ಎಂಟರ್ ಒತ್ತಿದರೆ ಮುಗಿಯಿತು.

ಟೆಕ್ಸ್ಟ್ ಫಾರ್ಮ್ಯಾಟ್ ಎಲ್ಲಿಂದ ಬಂತು

"ನಾನು ಟೆಕ್ಸ್ಟ್ ಮಾಡಿಯೇ ಇಲ್ಲ" ಎನ್ನುವವರ ಮಾತು ನಿಜವೇ ಇರುತ್ತದೆ. ಅದು ಪಕ್ಕದ ಕಾಲಮ್ಮಿನಿಂದ ದಾಟಿ ಬಂದಿರುತ್ತದೆ.

ಜಿ ಕಾಲಮ್ಮಿನ ಖಾತೆ ನಂಬರ್ ನೋಡಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. ಖಾತೆ ನಂಬರಿನಲ್ಲಿ 16 ಅಂಕಿ ಇದ್ದರೆ ಕೊನೆಯದು ಸೊನ್ನೆಯಾಗುತ್ತದೆ, ಮುಂದಿನ ಸೊನ್ನೆಗಳೆಲ್ಲ ಉದುರಿಹೋಗುತ್ತವೆ. ಲಾಟ್ ನಂಬರ್ 00457 ಎಂದು ಹೊಡೆದರೆ 457 ಉಳಿಯುತ್ತದೆ. ಅದಕ್ಕೇ ಎ ಮತ್ತು ಜಿ ಕಾಲಮ್ಮುಗಳು ಟೆಕ್ಸ್ಟ್ ಆಗಿಯೇ ಇರಬೇಕು. ಅದು ಸರಿಯಾದ ಪದ್ಧತಿ. ಆದರೆ ಜಿ ಬಲಕ್ಕೆ ಹೊಸ ಕಾಲಮ್ ಇನ್ಸರ್ಟ್ ಮಾಡಿದ ಕೂಡಲೇ ಅದು ಎಡಗಡೆಯವನ ಫಾರ್ಮ್ಯಾಟನ್ನು ಎತ್ತಿಕೊಳ್ಳುತ್ತದೆ. ಹೊಸ ಎಚ್ ಕಾಲಮ್ ಹುಟ್ಟುವಾಗಲೇ ಟೆಕ್ಸ್ಟ್. ಅಲ್ಲಿ ಹೊಡೆದ ಫಾರ್ಮುಲಾ ಅಕ್ಷರವಾಗದೆ ಇನ್ನೇನಾಗಬೇಕು?

ಇನ್ಸರ್ಟ್ ಮಾಡಿದ ತಕ್ಷಣ ಪಕ್ಕದಲ್ಲಿ ಬ್ರಷ್ ಚಿತ್ರದ ಸಣ್ಣ ಗುಂಡಿ ಬರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಅದನ್ನು ಒತ್ತಿ ಕ್ಲಿಯರ್ ಫಾರ್ಮ್ಯಾಟಿಂಗ್ ಆರಿಸಿದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಜಮೀನಿನ ಲೆಕ್ಕ ಇಡುವ ಕಡೆ ಇನ್ನೊಂದು ದಾರಿಯಲ್ಲಿ ಬರುತ್ತದೆ. ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ ಯಾವುದೇ ತಾಲ್ಲೂಕಿರಲಿ, ಸರ್ವೆ ನಂಬರ್ 12/3 ಎಂದು ಹೊಡೆದರೆ ಎಕ್ಸೆಲ್ ಅದನ್ನು ಮಾರ್ಚ್ 12 ಎಂದು ಓದುತ್ತದೆ. ಆಮೇಲೆ ಟೆಕ್ಸ್ಟ್ ಮಾಡಿದರೂ 12/3 ವಾಪಸ್ ಬರುವುದಿಲ್ಲ. 2025ರಲ್ಲಿ ಹೊಡೆದಿದ್ದರೆ 45728 ಎಂಬ ಸಂಖ್ಯೆ ಕಾಣುತ್ತದೆ. ಎಕ್ಸೆಲ್ ದಿನಾಂಕವನ್ನು ಒಳಗೆ ಇಟ್ಟುಕೊಳ್ಳುವುದೇ ದಿನಗಳ ಎಣಿಕೆಯಾಗಿ. ಇದರಿಂದ ಬೇಸತ್ತವರು ಕಂಟ್ರೋಲ್ ಎ ಒತ್ತಿ ಇಡೀ ಶೀಟನ್ನೇ ಟೆಕ್ಸ್ಟ್ ಮಾಡಿಟ್ಟುಬಿಡುತ್ತಾರೆ. ಸರ್ವೆ ನಂಬರ್ ಉಳಿಯುತ್ತದೆ, ಎಕರೆ ಗುಂಟೆ ಕೂಡುವ ಫಾರ್ಮುಲಾ ಸಾಯುತ್ತದೆ. ಸರ್ವೆ ನಂಬರಿನ ಒಂದು ಕಾಲಮ್ಮನ್ನು ಮಾತ್ರ, ಅದೂ ತುಂಬುವ ಮೊದಲೇ, ಟೆಕ್ಸ್ಟ್ ಮಾಡಿದರೆ ಸಾಕು.

ಮೂರನೆಯದು ಕಂಡುಹಿಡಿಯಲು ಕಷ್ಟವಾದದ್ದು. ಜನರಲ್ ಇರುವ ಸೆಲ್ಲಿನಲ್ಲಿ ಫಾರ್ಮುಲಾ ಹೊಡೆದಿದ್ದೀರಿ, ಅದು ಟೆಕ್ಸ್ಟ್ ಫಾರ್ಮ್ಯಾಟಿನ ಇನ್ನೊಂದು ಸೆಲ್ಲನ್ನು ಬಳಸುತ್ತದೆ. ಮೊದಲ ಸಲ ಉತ್ತರ ಬರುತ್ತದೆ. ಆದರೆ ಅದೇ ಹೊತ್ತಿಗೆ ಎಕ್ಸೆಲ್ ಆ ಟೆಕ್ಸ್ಟ್ ಫಾರ್ಮ್ಯಾಟನ್ನು ಫಾರ್ಮುಲಾ ಇರುವ ಸೆಲ್ಲಿಗೂ ಸದ್ದಿಲ್ಲದೆ ಅಂಟಿಸಿರುತ್ತದೆ. ಮರುದಿನ ಏನೋ ಸಣ್ಣದು ತಿದ್ದಲೆಂದು ಕೀಬೋರ್ಡಿನ ಎಫ್2 ಕೀ ಒತ್ತಿ ಎಂಟರ್ ಕೊಟ್ಟರೆ ಉತ್ತರ ಮಾಯ, ಫಾರ್ಮುಲಾ ಪ್ರತ್ಯಕ್ಷ. "ನಿನ್ನೆ ಸರಿಯಿತ್ತು, ಮುಟ್ಟಿದ್ದಕ್ಕೆ ಕೆಟ್ಟಿತು" ಎನ್ನುವುದು ಇದನ್ನೇ. ಮುಟ್ಟಿದ್ದಕ್ಕೇ ಕೆಟ್ಟದ್ದು ನಿಜ. ಮುಟ್ಟುವ ಮೊದಲು ಜನರಲ್ ಮಾಡಬೇಕಿತ್ತು.

ಸರಿಪಡಿಸುವುದು

ಒಂದೆರಡು ಸೆಲ್ ಆದರೆ ಹೋಮ್ ಟ್ಯಾಬಿನ ನಂಬರ್ ಪೆಟ್ಟಿಗೆಯಲ್ಲಿ ಜನರಲ್ ಆರಿಸಿ, ಎಫ್2, ಎಂಟರ್. ಮೊದಲ ಸೆಲ್ ಸರಿಯಾದ ಮೇಲೆ ಅದರ ಮೂಲೆಯ ಚುಕ್ಕಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕೆಳಗಿನ ಸಾಲುಗಳಿಗೂ ಇಳಿಯುತ್ತದೆ. ಇಡೀ ಕಾಲಮ್ಮಿನಲ್ಲಿ ಒಂದೇ ಫಾರ್ಮುಲಾ ಇದ್ದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಸಾಲುಸಾಲಿಗೂ ಬೇರೆ ಬೇರೆ ಫಾರ್ಮುಲಾ ಇದ್ದು, ಅವು ಇನ್ನೂರು ಮುನ್ನೂರು ಇದ್ದರೆ ಎಲ್ಲವನ್ನೂ ಒಟ್ಟಿಗೆ ಎಂಟರ್ ಮಾಡಿಸಬೇಕು. ಕಾಲಮ್ ಆರಿಸಿ, ಜನರಲ್ ಮಾಡಿ, ಕಂಟ್ರೋಲ್ ಎಚ್ ಒತ್ತಿ. ಫೈಂಡ್ ಜಾಗದಲ್ಲಿ = ಹಾಕಿ, ರಿಪ್ಲೇಸ್ ಜಾಗದಲ್ಲೂ = ಹಾಕಿ, ರಿಪ್ಲೇಸ್ ಆಲ್ ಕೊಡಿ. ಅದನ್ನೇ ತೆಗೆದು ಅದನ್ನೇ ಇಡುವುದು ಹುಚ್ಚಾಟದಂತೆ ಕಂಡರೂ, ಬದಲಿಸಿದ ಪ್ರತಿ ಸೆಲ್ಲನ್ನೂ ಎಕ್ಸೆಲ್ ಹೊಸದಾಗಿ ಹೊಡೆದಂತೆಯೇ ಓದುತ್ತದೆ. ಜನರಲ್ ಮಾಡುವುದನ್ನು ಮರೆತಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಕಾಲಮ್ ಆರಿಸದೆ ಒಂದೇ ಸೆಲ್ಲಿನಲ್ಲಿ ನಿಂತು ಮಾಡಿದರೆ ಇಡೀ ಶೀಟಿಗೆ ಅನ್ವಯವಾಗುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ದಾರಿ ಡೇಟಾ ಟ್ಯಾಬಿನ ಟೆಕ್ಸ್ಟ್ ಟು ಕಾಲಮ್ಸ್. ಕಾಲಮ್ ಆರಿಸಿ ಜನರಲ್ ಮಾಡಿ, ಅದನ್ನು ತೆರೆದು ಸುಮ್ಮನೆ ಫಿನಿಶ್ ಒತ್ತುವುದು. ಕೀಬೋರ್ಡಿನಿಂದಾದರೆ ಆಲ್ಟ್, ಎ, ಇ. ಇದು ಬಹಳ ಚುರುಕು, ಆದರೆ ಎರಡು ಕಡೆ ಕಾಲು ಜಾರುತ್ತದೆ. ಒಂದು ಸಲಕ್ಕೆ ಒಂದೇ ಕಾಲಮ್ ಆಗುವುದು. ಅದಕ್ಕಿಂತ ದೊಡ್ಡದು, ಎಕ್ಸೆಲ್ ತೆರೆದಾಗಿನಿಂದ ನೀವು ಇದೇ ಸಾಧನದಲ್ಲಿ ಕೊನೆಯ ಬಾರಿ ಏನು ಆರಿಸಿದ್ದಿರೋ ಅದು ನೆನಪಿಟ್ಟುಕೊಂಡಿರುತ್ತದೆ. ಬೆಳಗ್ಗೆ ಒಂದು ಪಟ್ಟಿಯನ್ನು ಕಾಮಾದಿಂದ ಒಡೆದಿದ್ದರೆ, ಸಂಜೆ ಫಿನಿಶ್ ಒತ್ತಿದಾಗ =ಇಫ್(ಎಫ್2>14,...) ಎಂಬ ಫಾರ್ಮುಲಾ ಕೂಡ ಕಾಮಾ ಇರುವಲ್ಲೆಲ್ಲ ತುಂಡಾಗಿ ಬಲಗಡೆಯ ಕಾಲಮ್ಮುಗಳ ಮೇಲೆ ಬೀಳುತ್ತದೆ. ಎರಡನೆಯ ಹಂತದಲ್ಲಿ ಕಾಮಾ, ಸ್ಪೇಸ್ ಎಲ್ಲದರ ಟಿಕ್ ತೆಗೆದು ಮುಂದೆ ಹೋದರೆ ಈ ಭಯವಿಲ್ಲ.

ಕಾಣದ ಚುಕ್ಕಿ

ಸಮ ಚಿಹ್ನೆಯ ಮುಂದೆ ಒಂಟಿ ಉದ್ಧರಣ ಚಿಹ್ನೆ ' ಇದ್ದರೆ, ಸೆಲ್ಲಿನ ಫಾರ್ಮ್ಯಾಟ್ ಏನೇ ಇರಲಿ, ಅದು ಅಕ್ಷರವೇ. ಸೆಲ್ಲಿನಲ್ಲಿ ಈ ಚಿಹ್ನೆ ಕಾಣುವುದಿಲ್ಲ, ಫಾರ್ಮುಲಾ ಬಾರಿನಲ್ಲಿ ಮಾತ್ರ ಕಾಣುತ್ತದೆ. ಇದನ್ನು ಹಾಕಿದವರು ಯಾರು? ಬಹಳ ಸಲ ಎಕ್ಸೆಲ್ ಹೇಳಿದ್ದಕ್ಕೇ ಹಾಕಿರುತ್ತಾರೆ. ಬ್ರಾಕೆಟ್ ಎಲ್ಲೋ ತಪ್ಪಿದಾಗ ಬರುವ ಎಚ್ಚರಿಕೆಯ ಪೆಟ್ಟಿಗೆಯನ್ನು ಪೂರ್ತಿ ಓದಿ ನೋಡಿ. ಫಾರ್ಮುಲಾ ಬರೆಯುವ ಉದ್ದೇಶವಿಲ್ಲದಿದ್ದರೆ ಮುಂದೆ ' ಹಾಕಿ ಎಂದು ಅದೇ ಸಲಹೆ ಕೊಡುತ್ತದೆ. ಅವಸರದಲ್ಲಿ ಓದಿದವರು ಹಾಕುತ್ತಾರೆ, ಪೆಟ್ಟಿಗೆ ಹೋಗುತ್ತದೆ, ಕೆಲಸವಾಯಿತು ಎಂದುಕೊಳ್ಳುತ್ತಾರೆ. ತಪ್ಪಿದ ಬ್ರಾಕೆಟ್ ಅಲ್ಲಿಯೇ ಇರುತ್ತದೆ.

ಒಂದು ಸೆಲ್ಲಿನಲ್ಲಾದರೆ ಫಾರ್ಮುಲಾ ಬಾರಿನಲ್ಲಿ ಅಳಿಸಿ ಎಂಟರ್. ನೂರರಲ್ಲಿದ್ದರೆ ಕಂಟ್ರೋಲ್ ಎಚ್ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಎಕ್ಸೆಲ್ ಲೆಕ್ಕದಲ್ಲಿ ಅದು ಅಕ್ಷರವಲ್ಲ, ಸೆಲ್ಲಿಗೆ ಹಚ್ಚಿದ ಗುರುತು. ಇಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ನಂಬುವಂಥ ದಾರಿ.

ಆದರೆ ' ಸೆಲ್ಲಿನಲ್ಲೇ ಕಣ್ಣಿಗೆ ಕಾಣುತ್ತಿದ್ದರೆ ಕತೆ ಬೇರೆ. ಯಾವುದೋ ವೆಬ್‌ಸೈಟಿನಿಂದಲೋ ಬೇರೆ ಸಾಫ್ಟ್‌ವೇರಿನಿಂದಲೋ ಸಿಎಸ್‌ವಿ ಫೈಲ್ (ಕಾಮಾದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಇಳಿಸಿದಾಗ, ಒಳಗೆ ದುರುದ್ದೇಶದ ಫಾರ್ಮುಲಾ ನುಸುಳಬಾರದೆಂದು ಕೆಲವು ಸಾಫ್ಟ್‌ವೇರುಗಳು ಸಮ ಚಿಹ್ನೆಯ ಮುಂದೆ ಇದನ್ನು ಸೇರಿಸಿ ಕೊಡುತ್ತವೆ. ಆಗ ಅದು ನಿಜವಾದ ಅಕ್ಷರ, ರಿಪ್ಲೇಸ್‌ನಲ್ಲಿ ಸಿಗುತ್ತದೆ. '= ಎಂದು ಎರಡನ್ನೂ ಸೇರಿಸಿಯೇ ಹುಡುಕಿ, = ಇಂದ ಬದಲಿಸಿ. ಬರೀ ' ಹುಡುಕಿ ಎಲ್ಲವನ್ನೂ ಅಳಿಸಲು ಹೋಗಬೇಡಿ. ='ಮೆಕ್ಕೆಜೋಳ ಖರೀದಿ'!ಎಚ್40 ಎಂಬಂಥ ಫಾರ್ಮುಲಾದಲ್ಲಿ ಶೀಟಿನ ಹೆಸರಿನ ನಡುವೆ ಖಾಲಿ ಜಾಗ ಇರುವುದರಿಂದ ಆ ಚಿಹ್ನೆಗಳು ಇರಲೇಬೇಕು.

ಖಾಲಿ ಜಾಗ, ಗುಂಗುರು ಉದ್ಧರಣ

ಸಮ ಚಿಹ್ನೆಯ ಮುಂದೆ ಒಂದು ಸ್ಪೇಸ್ ಸೇರಿಕೊಂಡರೂ ಫಾರ್ಮುಲಾ ಅಕ್ಷರವಾಗುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫಾರ್ಮುಲಾವನ್ನು, ವೆಬ್ ಪುಟದಲ್ಲಿ ಕಂಡದ್ದನ್ನು ಕಾಪಿ ಮಾಡುವಾಗ ಇದು ಸಾಮಾನ್ಯ. ಮಾಮೂಲಿ ಸ್ಪೇಸ್ ಆದರೆ ಅಳಿಸಿದರಾಯಿತು. ವೆಬ್ ಪುಟದ ಸ್ಪೇಸ್ ಕೆಲವೊಮ್ಮೆ ಕೋಡ್ 160ರದ್ದು, ನೋಡಲು ಅದೇ, ಟ್ರಿಮ್‌ಗೆ ಜಗ್ಗುವುದಿಲ್ಲ. ಕಂಟ್ರೋಲ್ ಎಚ್ ಪೆಟ್ಟಿಗೆಯ ಫೈಂಡ್ ಜಾಗದಲ್ಲಿ ಆಲ್ಟ್ ಹಿಡಿದು ಬಲಗಡೆಯ ನಂಬರ್ ಪ್ಯಾಡಿನಿಂದ 0160 ಒತ್ತಿ, ರಿಪ್ಲೇಸ್ ಜಾಗ ಖಾಲಿ ಬಿಟ್ಟು ಕೊಟ್ಟರೆ ಹೋಗುತ್ತದೆ. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಒಂದು ಸೆಲ್ಲಿನಿಂದ ಆ ಸ್ಪೇಸನ್ನೇ ಕಾಪಿ ಮಾಡಿ ಅಲ್ಲಿ ಅಂಟಿಸಬಹುದು.

ವರ್ಡ್ ಮೂಲಕ ಅಥವಾ ಫೋನಿನ ಮೂಲಕ ಬಂದ ಫಾರ್ಮುಲಾದಲ್ಲಿ ನೇರ ಉದ್ಧರಣದ ಬದಲು ಗುಂಗುರು ಉದ್ಧರಣ, ಮೈನಸ್ ಬದಲು ಉದ್ದನೆಯ ಗೆರೆ, ನಕ್ಷತ್ರದ ಬದಲು × ಚಿಹ್ನೆ ಸೇರಿರುತ್ತವೆ. ಇವಕ್ಕೆ ಎಕ್ಸೆಲ್ ತಪ್ಪು ತೋರಿಸುತ್ತದೆ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಆ ಚಿಹ್ನೆಗಳನ್ನು ಕೀಬೋರ್ಡಿನಿಂದಲೇ ಮತ್ತೆ ಹೊಡೆಯಬೇಕು.

ನುಡಿ ಚಾಲೂ ಇದ್ದರೆ

ಇದು ಕನ್ನಡದಲ್ಲಿ ಪಟ್ಟಿ ಮಾಡುವವರಿಗಷ್ಟೇ ಇರುವ ಕಷ್ಟ. ರೈತರ ಹೆಸರು, ಊರು ಹೊಡೆದು ಮುಗಿಸಿ, ನುಡಿಯನ್ನು ಇಂಗ್ಲಿಷಿಗೆ ತಿರುಗಿಸದೆ ಫಾರ್ಮುಲಾ ಹೊಡೆದರೆ ಸಮ್ ಎಂಬುದರ ಬದಲು ಸೆಲ್ಲಿಗೆ ಬೇರೇನೋ ಕನ್ನಡ ಅಕ್ಷರಗಳು ಹೋಗಿ, ಹೆಸರು ಗೊತ್ತಿಲ್ಲ ಎಂಬ ಎರರ್ ಬರುತ್ತದೆ. ತಿರುಗಿಸುವುದು ಸ್ಕ್ರೋಲ್ ಲಾಕ್ ಕೀಯಿಂದ. ಆದರೆ ಎಕ್ಸೆಲ್‌ಗೂ ಆ ಕೀ ಬೇಕು. ಅದು ಚಾಲೂ ಇದ್ದಾಗ ಬಾಣದ ಕೀ ಒತ್ತಿದರೆ ಸೆಲ್ ಸರಿಯುವುದಿಲ್ಲ, ಶೀಟೇ ಸರಿಯುತ್ತದೆ. "ಬಾಣ ಕೆಲಸ ಮಾಡುತ್ತಿಲ್ಲ, ಕೀಬೋರ್ಡ್ ಹೋಯಿತು" ಎನ್ನುವ ಮೊದಲು ಅದರ ದೀಪ ನೋಡಿ.

ಹಳೆಯ ಆಸ್ಕಿ ಫಾಂಟುಗಳದ್ದು ಇನ್ನೊಂದು ಬಗೆ. ನುಡಿ 01 ಇ ಅಂಥ ಫಾಂಟಿನಲ್ಲಿ ಸೆಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಹೆಸರಿನ ಕಾಲಮ್ಮಿನ ಫಾಂಟ್ ಲೆಕ್ಕದ ಕಾಲಮ್ಮಿಗೂ ಹರಡಿದ್ದು, ಅಲ್ಲಿ ಫಾರ್ಮುಲಾ ಅಕ್ಷರವಾಗಿ ಕೂತಿದ್ದರೆ ಅದು ಫಾರ್ಮುಲಾದಂತೆ ಕಾಣುವುದೇ ಇಲ್ಲ. ಅರ್ಥವಿಲ್ಲದ ಒತ್ತಕ್ಷರಗಳ ಗುಂಪು ಕಾಣುತ್ತದೆ, ಫೈಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಫಾರ್ಮುಲಾ ಬಾರ್ ಮಾತ್ರ ನಿಜ ಹೇಳುತ್ತದೆ, ಅಲ್ಲಿ ಇಂಗ್ಲಿಷ್ ಅಕ್ಷರವೇ ಇರುತ್ತದೆ. ಲೆಕ್ಕದ ಕಾಲಮ್ಮುಗಳನ್ನು ಏರಿಯಲ್‌ಗೋ ಕ್ಯಾಲಿಬ್ರಿಗೋ ಬದಲಿಸಿ, ಆಮೇಲೆ ಮೇಲೆ ಹೇಳಿದ ಚಿಕಿತ್ಸೆ ಮಾಡಿ. ಹೊಸ ಪಟ್ಟಿಯಾದರೆ ಯೂನಿಕೋಡ್‌ನಲ್ಲೇ ಶುರುಮಾಡುವುದು ಜಾಣತನ.

ಫಾರ್ಮುಲಾ ಸರಿ, ಸಂಖ್ಯೆಯೇ ಅಕ್ಷರ

ಫಾರ್ಮುಲಾ ಅಕ್ಷರವಾದರೆ ಕಣ್ಣಿಗೆ ಕಾಣುತ್ತದೆ. ಸಂಖ್ಯೆ ಅಕ್ಷರವಾದರೆ ಕಾಣುವುದಿಲ್ಲ, ದುಡ್ಡು ಹೋಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಡಿ ಕಾಲಮ್ಮಿನ ತೂಕಗಳೆಲ್ಲ ಅಕ್ಷರವಾಗಿ ಕೂತಿವೆ ಎಂದುಕೊಳ್ಳಿ. =ಡಿ2*ಇ2/100 ಕೊಟ್ಟರೆ 1,34,160 ಸರಿಯಾಗಿಯೇ ಬರುತ್ತದೆ, ಯಾಕೆಂದರೆ ಗುಣಾಕಾರದ ಚಿಹ್ನೆ ಸಿಕ್ಕಿದ ಕೂಡಲೇ ಎಕ್ಸೆಲ್ "6240" ಎಂಬ ಅಕ್ಷರವನ್ನು ಸಂಖ್ಯೆ ಮಾಡಿಕೊಳ್ಳುತ್ತದೆ. ಆದರೆ ಕೆಳಗೆ =ಸಮ್(ಡಿ2:ಡಿ41) ಕೊಟ್ಟರೆ ಸೊನ್ನೆ. ಸಮ್ ಅಕ್ಷರಗಳನ್ನು ಲೆಕ್ಕಕ್ಕೇ ಹಿಡಿಯದೆ ಹಾರಿಸಿಕೊಂಡು ಹೋಗುತ್ತದೆ. ಪೂರ್ತಿ ಸೊನ್ನೆ ಬಂದರೆ ಪುಣ್ಯ, ಗೊತ್ತಾಗುತ್ತದೆ. ನಲವತ್ತು ಸಾಲಿನಲ್ಲಿ ಮೂರು ಮಾತ್ರ ಅಕ್ಷರವಾಗಿದ್ದರೆ ಆ ಮೂರು ಲಾಟು ಒಟ್ಟು ತೂಕದಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

ಇದಕ್ಕಿಂತ ಕೆಟ್ಟದ್ದು ತೇವಾಂಶದ ಕಾಲಮ್ಮಿನಲ್ಲಿ ನಡೆಯುತ್ತದೆ. ಶೇ. 14ಕ್ಕಿಂತ ಹೆಚ್ಚು ತೇವಾಂಶಕ್ಕೆ ತೂಕದಲ್ಲಿ ಕಡಿತ ಎಂದು ಫಾರ್ಮುಲಾ ಇದೆ ಎನ್ನಿ: =ಇಫ್(ಎಫ್2>14,ಡಿ2*(ಎಫ್2-14)/100,0). ಎಫ್2ರಲ್ಲಿ 13.5 ಸಂಖ್ಯೆಯಾಗಿದ್ದರೆ ಕಡಿತ ಸೊನ್ನೆ. ಅದೇ 13.5 ಅಕ್ಷರವಾಗಿದ್ದರೆ? ಹೋಲಿಕೆ ಮಾಡುವಾಗ ಎಕ್ಸೆಲ್ ಲೆಕ್ಕದಲ್ಲಿ ಯಾವ ಅಕ್ಷರವಾದರೂ ಎಲ್ಲ ಸಂಖ್ಯೆಗಿಂತ ದೊಡ್ಡದು. ಹಾಗಾಗಿ "13.5" 14ಕ್ಕಿಂತ ಹೆಚ್ಚು ಎಂದಾಗುತ್ತದೆ. ಮುಂದಿನ ಹೆಜ್ಜೆಯಲ್ಲಿ ಕಳೆಯುವಾಗ ಮಾತ್ರ ಸಂಖ್ಯೆಯಾಗಿ -0.5 ಬರುತ್ತದೆ. 6240 ಕೆಜಿಗೆ ಕಡಿತ -31.2 ಕೆಜಿ. ತೂಕದಿಂದ ಇದನ್ನು ಕಳೆದರೆ ಮೈನಸ್ ಮೈನಸ್ ಸೇರಿ 31.2 ಕೆಜಿ ಹೆಚ್ಚಾಗುತ್ತದೆ. ಎಲ್ಲೂ ಎರರ್ ಇಲ್ಲ, ಕೆಂಪು ಬಣ್ಣವಿಲ್ಲ.

ಗುರುತು ಹಿಡಿಯುವುದು ಹೀಗೆ. ಅಲೈನ್‌ಮೆಂಟ್ ಯಾರೂ ಮುಟ್ಟಿರದಿದ್ದರೆ ಸಂಖ್ಯೆ ಬಲಕ್ಕೆ, ಅಕ್ಷರ ಎಡಕ್ಕೆ ಅಂಟಿರುತ್ತದೆ. ಎಲ್ಲವನ್ನೂ ಸೆಂಟರ್ ಮಾಡಿ ಚೆಂದ ಮಾಡುವ ಚಾಳಿ ಇದ್ದವರು ಈ ಗುರುತನ್ನು ತಾವೇ ಅಳಿಸಿಕೊಂಡಿರುತ್ತಾರೆ. ಅವರು ಪಕ್ಕದ ಖಾಲಿ ಕಾಲಮ್ಮಿನಲ್ಲಿ =ಈಸ್‌ನಂಬರ್(ಎಫ್2) ಕೊಟ್ಟು ಕೆಳಗೆ ಎಳೆಯಲಿ, ಫಾಲ್ಸ್ ಬಂದದ್ದೆಲ್ಲ ಕಳ್ಳ. ಬೇಗ ನೋಡಲು ಕಾಲಮ್ ಆರಿಸಿ ಕೆಳಗಿನ ಪಟ್ಟಿಯ ಕೌಂಟ್ ನೋಡಿ. ಅಲ್ಲಿ ಬಲ ಕ್ಲಿಕ್ ಮಾಡಿ ನ್ಯೂಮರಿಕಲ್ ಕೌಂಟ್ ಕೂಡ ಟಿಕ್ ಮಾಡಿಟ್ಟರೆ ಎರಡೂ ಕಾಣುತ್ತವೆ. ಶೀರ್ಷಿಕೆ ಬಿಟ್ಟು ಎರಡೂ ಒಂದೇ ಇರಬೇಕು.

ತಿದ್ದಲು ಸುಲಭದ ದಾರಿ: ಯಾವುದಾದರೂ ಖಾಲಿ ಜನರಲ್ ಸೆಲ್ಲಿನಲ್ಲಿ 1 ಹೊಡೆದು ಕಾಪಿ ಮಾಡಿ, ಕೆಟ್ಟ ಸಂಖ್ಯೆಗಳನ್ನು ಆರಿಸಿ, ಪೇಸ್ಟ್ ಸ್ಪೆಷಲ್‌ನಲ್ಲಿ ಮಲ್ಟಿಪ್ಲೈ ಕೊಡಿ. ಸಂಖ್ಯೆಯ ಜೊತೆ ವೆಬ್ ಪುಟದ ಸ್ಪೇಸ್ ಅಂಟಿದ್ದರೆ ಇದು ನಡೆಯುವುದಿಲ್ಲ, ಪಕ್ಕದ ಕಾಲಮ್ಮಿನಲ್ಲಿ =ವ್ಯಾಲ್ಯೂ(ಟ್ರಿಮ್(ಸಬ್‌ಸ್ಟಿಟ್ಯೂಟ್(ಡಿ2,ಕ್ಯಾರ್(160),""))) ಕೊಟ್ಟು, ಬಂದದ್ದನ್ನು ವ್ಯಾಲ್ಯೂಸ್ ಆಗಿ ಡಿ ಮೇಲೆ ಅಂಟಿಸಬೇಕು.

"6240 ಕೆಜಿ", "2150 ರೂ." ಎಂದು ಸೆಲ್ಲಿನ ಒಳಗೇ ಹೊಡೆದರೆ ಈ ದಾರಿಗಳು ನಡೆಯುವುದಿಲ್ಲ, ಗುಣಿಸಿದರೆ ಎರರ್ ಗ್ಯಾರಂಟಿ. ಅಳತೆಯ ಹೆಸರು ಕಾಣಲೇಬೇಕೆಂದರೆ ಫಾರ್ಮ್ಯಾಟ್ ಸೆಲ್ಸ್, ಕಸ್ಟಮ್‌ಗೆ ಹೋಗಿ 0" ಕೆಜಿ" ಎಂದು ಕೊಡಿ. ಸಂಖ್ಯೆ ಸಂಖ್ಯೆಯಾಗಿಯೇ ಉಳಿದು ಕೆಜಿ ಎಂಬುದು ಬರೀ ತೋರಿಕೆಗೆ ಬರುತ್ತದೆ. ಲಕ್ಷದ ಕಾಮಾ ಬೇಕೆಂದು ಕೈಯಲ್ಲೇ ಹಾಕುವವರಿಗೂ ಇದೇ ಜಾಗದಲ್ಲಿ ಉತ್ತರವಿದೆ: [>=10000000]##\,##\,##\,##0;[>=100000]##\,##\,##0;##,##0

ದಿನಾಂಕದ ಕಾಲಮ್ಮಿನ ಬಗ್ಗೆ ಒಂದೇ ಮಾತು. ವಿಂಡೋಸ್ ಸೆಟ್ಟಿಂಗ್ ಅಮೆರಿಕದ್ದಿದ್ದರೆ 13/10/2025 ಅಕ್ಷರವಾಗಿ ಉಳಿಯುತ್ತದೆ, 05/10/2025 ಮಾತ್ರ ಮೇ 10 ಆಗಿ ದಿನಾಂಕವಾಗುತ್ತದೆ. ಅಂದರೆ ಎಡಕ್ಕಿರುವುದು ಬರೀ ಅಕ್ಷರ, ಬಲಕ್ಕಿರುವುದು ಸುಳ್ಳು. ರೀಜನ್ ಸೆಟ್ಟಿಂಗನ್ನು ಇಂಡಿಯಾ ಮಾಡಿ, ಮೂಲ ಫೈಲನ್ನು ಹೊಸದಾಗಿ ತೆರೆಯುವುದೇ ಸರಿ.

ಉತ್ತರ ಬದಲಾಗದಿದ್ದರೆ

ಫಾರ್ಮುಲಾ ಕಾಣುತ್ತಿಲ್ಲ, ಉತ್ತರ ಇದೆ, ಆದರೆ ದರ ಬದಲಿಸಿದರೂ ಮೊತ್ತ ಅಲ್ಲಾಡುವುದಿಲ್ಲ ಎಂದರೆ ರೋಗ ಬೇರೆ. ಫಾರ್ಮುಲಾಸ್ ಟ್ಯಾಬ್, ಕ್ಯಾಲ್ಕುಲೇಶನ್ ಆಪ್ಷನ್ಸ್ ನೋಡಿ, ಮ್ಯಾನುಯಲ್ ಆಗಿರುತ್ತದೆ. ಆಟೋಮ್ಯಾಟಿಕ್ ಮಾಡಿ. ಸದ್ಯಕ್ಕೆ ಎಫ್9 ಒತ್ತಿದರೂ ನಡೆಯುತ್ತದೆ. ಇದೂ ಅಂಟುರೋಗವೇ. ಎಕ್ಸೆಲ್ ತೆರೆದಾಗ ಮೊದಲು ಯಾವ ಫೈಲ್ ಬಂತೋ ಅದರ ಸೆಟ್ಟಿಂಗ್ ಆಮೇಲೆ ತೆರೆದ ಎಲ್ಲ ಫೈಲುಗಳಿಗೂ ಅನ್ವಯಿಸುತ್ತದೆ. ಯಾರೋ ಕಳಿಸಿದ ಭಾರೀ ಫೈಲನ್ನು ಮೊದಲು ತೆರೆದು, ನಿಮ್ಮದನ್ನು ಆಮೇಲೆ ತೆರೆದು ಸೇವ್ ಮಾಡಿದರೆ ಮ್ಯಾನುಯಲ್ ನಿಮ್ಮ ಫೈಲಿನಲ್ಲೂ ಮನೆ ಮಾಡುತ್ತದೆ.

ಲಿಬ್ರೆ ಆಫೀಸ್, ಗೂಗಲ್ ಶೀಟ್ಸ್

ಲಿಬ್ರೆ ಆಫೀಸ್ ಬಳಸುವವರಿಗೆ ಎಕ್ಸೆಲ್‌ನಲ್ಲಿ ಇಲ್ಲದ ಒಂದು ಸುಖ ಇದೆ. ಕಂಟ್ರೋಲ್ ಎಫ್8 ಒತ್ತಿದರೆ ಸಂಖ್ಯೆಗಳು ನೀಲಿ, ಫಾರ್ಮುಲಾಗಳು ಹಸಿರು, ಅಕ್ಷರಗಳು ಕಪ್ಪು. ತೂಕದ ಕಾಲಮ್ಮಿನಲ್ಲಿ ಕಪ್ಪು ಕಂಡರೆ ಅಲ್ಲೇ ಸಿಕ್ಕಿಬಿತ್ತು. ಅಲ್ಲಿ ಮುಂದಿನ ' ತೆಗೆಯುವುದೂ ಸುಲಭ: ಕಾಲಮ್ಮನ್ನು ಜನರಲ್ ಮಾಡಿ, ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ಸ್ ಟಿಕ್ ಮಾಡಿ, ಫೈಂಡ್‌ನಲ್ಲಿ ^. ಹಾಗೂ ರಿಪ್ಲೇಸ್‌ನಲ್ಲಿ & ಹಾಕಿ, ಕರೆಂಟ್ ಸೆಲೆಕ್ಷನ್ ಓನ್ಲಿ ಕೂಡ ಟಿಕ್ ಮಾಡಿ ರಿಪ್ಲೇಸ್ ಆಲ್ ಕೊಡಿ. ಮೊದಲ ಅಕ್ಷರವನ್ನು ತೆಗೆದು ಅದನ್ನೇ ಇಡುತ್ತದೆ, ಸೆಲ್ ಮತ್ತೆ ಓದಲ್ಪಡುತ್ತದೆ. ಉಪಾಯ ಮತ್ತೆ ಅದೇ.

ಗೂಗಲ್ ಶೀಟ್ಸ್‌ನಲ್ಲಿ ಟೆಕ್ಸ್ಟ್ ಎಂಬುದರ ಹೆಸರು ಪ್ಲೇನ್ ಟೆಕ್ಸ್ಟ್, ಜನರಲ್ ಎಂಬುದರ ಹೆಸರು ಆಟೋಮ್ಯಾಟಿಕ್. ಫಾರ್ಮ್ಯಾಟ್ ಮೆನುವಿನ ನಂಬರ್ ಕೆಳಗಿವೆ. ಬದಲಿಸಿ, ಸೆಲ್ ಒಳಗೆ ಹೋಗಿ ಎಂಟರ್ ಕೊಡಿ. ಫಾರ್ಮುಲಾಗಳನ್ನೆಲ್ಲ ತೋರಿಸುವ ಕೀ ಮೂರರಲ್ಲೂ ಒಂದೇ.

ಪಟ್ಟಿ ಕಳಿಸುವ ಮೊದಲು

ಎಲ್ಲ ಸರಿಮಾಡಿದ ಮೇಲೆ ಮೊತ್ತದ ಕಾಲಮ್ಮನ್ನು ಆರಿಸಿ ಕಂಟ್ರೋಲ್ ಜಿ, ಸ್ಪೆಷಲ್, ಫಾರ್ಮುಲಾಸ್, ಓಕೆ ಕೊಡಿ. ನಿಜವಾದ ಫಾರ್ಮುಲಾ ಇರುವ ಸೆಲ್ಲುಗಳು ಮಾತ್ರ ಆಯ್ಕೆಯಾಗುತ್ತವೆ. ನಡುವೆ ಬಿಟ್ಟುಹೋದ ಸೆಲ್ ಎರಡರಲ್ಲಿ ಒಂದು. ಅದರ ಫಾರ್ಮುಲಾ ಇನ್ನೂ ಅಕ್ಷರವಾಗಿಯೇ ಇದೆ, ಇಲ್ಲವೇ ಸಂಜೆಯ ಅವಸರದಲ್ಲಿ ಯಾರೋ ಕ್ಯಾಲ್ಕುಲೇಟರ್ ಉತ್ತರವನ್ನು ನೇರವಾಗಿ ಹೊಡೆದಿದ್ದಾರೆ. ಎರಡನೆಯದು ಇಂದು ಸರಿಯಾಗಿಯೇ ಇರುತ್ತದೆ. ನಾಳೆ ದರ ತಿದ್ದಿದಾಗ ಆ ಒಂದು ಸಾಲು ಮಾತ್ರ ಹಳೆಯ ದರದಲ್ಲೇ ನಿಂತಿರುತ್ತದೆ.